ಜೇಬಿನಲ್ಲಿಟ್ಟ ಫೋನು ಬಾಗುವುದೇಕೆ?



ಹೋದ ಸಲದ ಗೋಡೆ ಪತ್ರಿಕೆಯಲ್ಲಿ ನಾನು ಜೇನುಹುಳದ ಬಗ್ಗೆ ಬರೆದಿದ್ದೆ. ಈ ಸಲ ಮೊಬೈಲ್ ಫೋನಿನ ಬಗ್ಗೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಏನೇನು ನೋಡಬಹುದು ಅಂತ ನಿಮಗೆಲ್ಲ ನನಗಿಂತ ಚೆನ್ನಾಗಿ ಗೊತ್ತು. ನಾನು ಬರೆಯೋದು ಅದನ್ನಲ್ಲ. ಫೋನು ಅನ್ನೋದು ಒಂದು ತೆಳ್ಳನೆಯ ಹಲಗೆ ಅಂತ ತಿಳಿಯಿರಿ. ಆ ಹಲಗೆ ಎಷ್ಟು ಭಾರ ತಡೆಯುತ್ತದೆ, ಯಾವಾಗ ಬಾಗುತ್ತದೆ, ಬಾಗಿದ್ದು ಯಾಕೆ ಮತ್ತೆ ನೆಟ್ಟಗಾಗುವುದಿಲ್ಲ ಎಂಬುದೇ ಈ ಪಾಠ.

ಇದನ್ನು ಬರೆಯಲು ಒಂದು ಕಾರಣ ಇದೆ. ನಮ್ಮ ಮನೆಯಲ್ಲಿ ಮೂರು ತಿಂಗಳಿಂದ ನನಗೆ 'ಫೋನು ಮುರಿದವನು' ಅಂತಲೇ ಹೆಸರು. ನಮ್ಮಕ್ಕ ಡಿಗ್ರಿ ಎರಡನೇ ವರ್ಷ ಓದ್ತಾ ಇದಾಳೆ. ಸ್ಕಾಲರ್‌ಶಿಪ್ ದುಡ್ಡು ಕೂಡಿಟ್ಟು ಒಂದು ಸೆಕೆಂಡ್ ಹ್ಯಾಂಡ್ ಫೋನು ತಗೊಂಡಿದ್ದಳು. ಬೆನ್ನೆಲ್ಲಾ ಲೋಹ, ಬಹಳ ತೆಳ್ಳಗೆ, ಕೈಗೆ ತಣ್ಣಗೆ ಇರುತ್ತಿತ್ತು. ಒಂದು ವರ್ಷ ಅವಳ ಹತ್ತಿರ ಇದ್ದಾಗ ಒಂದು ಗೀರೂ ಬಿದ್ದಿರಲಿಲ್ಲ. ಜಾತ್ರೆ ದಿನ ತೇರಿನ ಫೋಟೋ ತೆಗೀತೀನಿ ಅಂತ ನಾನು ಕಾಡಿ ಬೇಡಿ ಇಸ್ಕೊಂಡೆ. ಹೊಸ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡು ಟ್ರ್ಯಾಕ್ಟರ್ ಟ್ರೇಲರಿನ ಅಂಚಿನ ಮೇಲೆ ಕೂತು ಹೋದೆ. ಇಳಿದು ತೆಗೆದು ನೋಡಿದರೆ ಫೋನು ಸೊಟ್ಟ! ದೇವಸ್ಥಾನದ ಕಟ್ಟೆ ಮೇಲೆ ಇಟ್ಟರೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು.

ಅಪ್ಪ ಹೊಡೆದರು, ಅದು ಬಿಡಿ. ಅಕ್ಕ ಬೈಯಲಿಲ್ಲ, ಮೂರು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ಅದೇ ಜಾಸ್ತಿ ಕಷ್ಟವಾಯಿತು. 'ನಾನು ಬೀಳಿಸಿಲ್ಲ, ತುಳಿದಿಲ್ಲ, ಸುಮ್ಮನೆ ಜೇಬಲ್ಲಿ ಇಟ್ಕೊಂಡಿದ್ದೆ' ಅಂದರೆ ಯಾರೂ ನಂಬಲಿಲ್ಲ. 'ಜೇಬಲ್ಲಿ ಇಟ್ಕೊಂಡ್ರೆ ಲೋಹ ಬಾಗುತ್ತೇನೋ?' ಅಂತ ಅಪ್ಪ ಕೇಳಿದರು. ನಾನು ಅದೇ ಪ್ರಶ್ನೆಯನ್ನು ನಮ್ಮ ವಿಜ್ಞಾನದ ಮೇಷ್ಟ್ರಿಗೆ ಕೇಳಿದೆ. ಅವರು ನಕ್ಕು, 'ಇದೇ ಪ್ರಶ್ನೆನ 2014ರಲ್ಲಿ ಪ್ರಪಂಚದ ಜನ ಎಲ್ಲಾ ಕೇಳಿದ್ರು ಕಣೋ, ನೀನೊಬ್ಬನೇ ಅಲ್ಲ' ಅಂದರು. ಆಮೇಲೆ ಎರಡು ಶನಿವಾರ ಶಾಲೆ ಬಿಟ್ಟ ಮೇಲೆ ತಮ್ಮ ಲ್ಯಾಪ್‌ಟಾಪಿನಲ್ಲಿ ಹುಡುಕಿ ಓದಿ ಹೇಳಿದರು. ನಾನು ಬರೆದುಕೊಂಡೆ. ಉಳಿದದ್ದು ನಾನೂ ನನ್ನ ಗೆಳೆಯನೂ ಮಾಡಿ ನೋಡಿದ್ದು.

ಮೊದಲು 2014ರ ಕಥೆ ಹೇಳುತ್ತೇನೆ. ಆ ವರ್ಷ ಸೆಪ್ಟೆಂಬರ್ 19ರಂದು ಅಮೆರಿಕದ ಆಪಲ್ ಕಂಪನಿ ಐಫೋನ್ 6 ಮತ್ತು ಐಫೋನ್ 6 ಪ್ಲಸ್ ಎಂಬ ಎರಡು ಫೋನುಗಳನ್ನು ಮಾರಾಟಕ್ಕೆ ಬಿಟ್ಟಿತು. 6 ಪ್ಲಸ್ ಫೋನಿನ ಉದ್ದ 158.1 ಮಿ.ಮೀ., ಅಗಲ 77.8 ಮಿ.ಮೀ., ದಪ್ಪ 7.1 ಮಿ.ಮೀ. ನಮ್ಮ ಜಾಮಿಟ್ರಿ ಬಾಕ್ಸಿನ ಸ್ಕೇಲಿಗಿಂತ ಸ್ವಲ್ಪ ಉದ್ದ, ದಪ್ಪ ಮಾತ್ರ ಒಂದು ಪೆನ್ಸಿಲಿನಷ್ಟು. ಮೈ ಅಲ್ಯೂಮಿನಿಯಂ. ಮಾರಾಟ ಶುರುವಾಗಿ ಒಂದು ವಾರ ಆಗುವುದರೊಳಗೆ ಕೆಲವರು 'ನನ್ನ ಫೋನು ಜೇಬಿನಲ್ಲೇ ಬಾಗಿತು' ಎಂದು ಫೋಟೋ ಹಾಕಿದರು. ಕೆನಡಾ ದೇಶದ ಲೂಯಿಸ್ ಹಿಲ್ಸೆಂಟೆಗರ್ ಎಂಬುವರು 6 ಪ್ಲಸ್ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತಿ ಬಾಗಿಸಿ ತೋರಿಸಿದರು. ಆ ವಿಡಿಯೋವನ್ನು ಕೋಟಿಗಟ್ಟಲೆ ಜನ ನೋಡಿದರು. ಇಡೀ ಗಲಾಟೆಗೆ 'ಬೆಂಡ್‌ಗೇಟ್' ಅಂತ ಹೆಸರು ಬಿತ್ತು.

ಕಂಪನಿ ಏನು ಹೇಳಿತು ಗೊತ್ತಾ? ಮೊದಲ ಆರು ದಿನದಲ್ಲಿ ಒಂಬತ್ತು ಜನ ಮಾತ್ರ ಬಾಗಿದೆ ಅಂತ ಹೇಳಿಕೊಂಡು ಬಂದಿದ್ದಾರೆ, ದಿನಬಳಕೆಯಲ್ಲಿ ಬಾಗುವುದು ಬಹಳ ಅಪರೂಪ ಎಂದು ಹೇಳಿತು. ಪತ್ರಕರ್ತರನ್ನು ಕರೆದು ತಮ್ಮ ಪರೀಕ್ಷೆಯ ಕೋಣೆಯನ್ನೂ ತೋರಿಸಿತು. ಅಲ್ಲಿ ಫೋನಿನ ಎರಡು ತುದಿಗೆ ಆಧಾರ ಕೊಟ್ಟು ನಡುವೆ 25 ಕೆ.ಜಿ. ಭಾರ ಹಾಕಿ ನೋಡುತ್ತಿದ್ದರು. 25 ಕೆ.ಜಿ. ಎಂದರೆ ಅಂಗಡಿಯ ಒಂದು ಅಕ್ಕಿ ಮೂಟೆ. ಕೇಳೋಕೆ ಬಹಳ ಅನ್ನಿಸುತ್ತೆ, ಅಲ್ವಾ? ಆದರೆ ಫೋನಿನ ಮೇಲೆ ಕೂರುವುದು ಅಕ್ಕಿ ಮೂಟೆಯಲ್ಲ, ಮನುಷ್ಯ!

ಅಮೆರಿಕದಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಸಂಸ್ಥೆ ಇದೆ. ಕೊಳ್ಳುವವರ ಪರವಾಗಿ ಸಾಮಾನುಗಳನ್ನು ಪರೀಕ್ಷೆ ಮಾಡುವುದೇ ಅದರ ಕೆಲಸ. ಅವರು ಅದೇ ತಿಂಗಳು ಒಂದು ಯಂತ್ರದಲ್ಲಿಟ್ಟು ಆರು ಥರದ ಫೋನುಗಳನ್ನು ಒತ್ತಿ ನೋಡಿದರು. ಪೌಂಡಿನಲ್ಲಿ ಇದ್ದದ್ದನ್ನು ನಾನು ಕೆ.ಜಿ.ಗೆ ಬದಲಾಯಿಸಿದ್ದೇನೆ. ಐಫೋನ್ 6 ಸುಮಾರು 32 ಕೆ.ಜಿ.ಗೆ ಸೊಟ್ಟಗಾಯಿತು. 6 ಪ್ಲಸ್ 41 ಕೆ.ಜಿ.ಗೆ ಸೊಟ್ಟಗಾಯಿತು. ಅದಕ್ಕೆ ಮುಂಚಿನ ಐಫೋನ್ 5 ಮಾತ್ರ 59 ಕೆ.ಜಿ.ವರೆಗೆ ತಡೆಯಿತು. ಸ್ಯಾಮ್‌ಸಂಗ್ ಕಂಪನಿಯ ಪ್ಲಾಸ್ಟಿಕ್ ಬೆನ್ನಿನ ಗ್ಯಾಲಕ್ಸಿ ನೋಟ್ 3 ಎಲ್ಲಕ್ಕಿಂತ ಹೆಚ್ಚು, 68 ಕೆ.ಜಿ. ತಡೆಯಿತು. ನನಗೆ ಆಶ್ಚರ್ಯವಾದದ್ದು ಇಲ್ಲೇ. ಲೋಹದ್ದು ಬೇಗ ಸೋತಿತು, ಪ್ಲಾಸ್ಟಿಕ್ಕಿಂದು ಗೆದ್ದಿತು. ಹಾಗಾದರೆ ಲೋಹವೋ ಪ್ಲಾಸ್ಟಿಕ್ಕೋ ಅನ್ನೋದು ಒಂದೇ ವಿಷಯ ಅಲ್ಲ, ಬೇರೆ ಏನೋ ಇದೆ.

ಆ ಬೇರೆ ಏನು ಎಂದು ತಿಳಿಯಲು ನಾವು ಒಂದು ಪ್ರಯೋಗ ಮಾಡಿದೆವು. ನೀವೂ ಮಾಡಿ ನೋಡಿ, ಖರ್ಚಿಲ್ಲ.

ಬೇಕಾಗುವ ಸಾಮಾನು: ಸೀರೆ ಡಬ್ಬದ ರಟ್ಟು, ಕತ್ತರಿ, ಫೆವಿಕಾಲ್, ಎರಡು ಇಟ್ಟಿಗೆ, ದಾರ, ಒಂದು ಪ್ಲಾಸ್ಟಿಕ್ ಲೋಟ, ಹತ್ತು ನಾಣ್ಯ, ಒಂದು ಸ್ಕೇಲು.

ಮಾಡುವ ವಿಧಾನ: ರಟ್ಟನ್ನು 30 ಸೆ.ಮೀ. ಉದ್ದ, 4 ಸೆ.ಮೀ. ಅಗಲದ ಐದು ಪಟ್ಟಿಗಳಾಗಿ ಕತ್ತರಿಸಿ. ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಫೆವಿಕಾಲ್‌ನಿಂದ ಪೂರ್ತಿ ಅಂಟಿಸಿ, ಮೇಲೆ ಪುಸ್ತಕದ ಭಾರ ಹೇರಿ ಒಂದು ರಾತ್ರಿ ಬಿಡಿ. ಇಟ್ಟಿಗೆಗಳನ್ನು 25 ಸೆ.ಮೀ. ದೂರದಲ್ಲಿ ನಿಲ್ಲಿಸಿ ಮೇಲೆ ಪಟ್ಟಿ ಇಡಿ. ಪಟ್ಟಿಯ ನಡುವಿಗೆ ದಾರದಲ್ಲಿ ಲೋಟ ಕಟ್ಟಿ ನಾಣ್ಯ ಹಾಕಿ. ನಡುಭಾಗ ಎಷ್ಟು ಜಗ್ಗಿತು ಎಂದು ಸ್ಕೇಲಿನಲ್ಲಿ ಅಳೆಯಿರಿ. (ಚಿತ್ರ 1 ನೋಡಿ. ಚಿತ್ರದಲ್ಲಿ ಇಟ್ಟಿಗೆ ಇಡ್ಲಿ ಥರ ಬಂದಿದೆ, ಕ್ಷಮಿಸಿ.)

ನಮಗೆ ಬಂದದ್ದು ಹೀಗೆ. ಒಂದೇ ಪಟ್ಟಿ 16 ಮಿ.ಮೀ. ಜಗ್ಗಿತು. ಎರಡು ಪಟ್ಟಿ ಅಂಟಿಸದೆ ಸುಮ್ಮನೆ ಒಂದರ ಮೇಲೊಂದು ಇಟ್ಟಾಗ 8 ಮಿ.ಮೀ. ಎರಡು ಪಟ್ಟಿ ಅಂಟಿಸಿದ್ದು 2 ಮಿ.ಮೀ. ನನ್ನ ಗೆಳೆಯ 3 ಮಿ.ಮೀ. ಅಂತಾನೆ. ಅವನು ಸ್ಕೇಲನ್ನು ಓರೆಯಾಗಿ ನೋಡಿದ ಅಂತ ನನ್ನ ವಾದ. ಏನೇ ಆಗಲಿ, ರಟ್ಟು ಎರಡೂ ಸಲ ಎರಡೇ, ಅಂಟು ಹಾಕಿದ್ದಷ್ಟೇ ವ್ಯತ್ಯಾಸ, ಆದರೂ ಇಷ್ಟೊಂದು ಕಡಿಮೆ ಜಗ್ಗಿತು.

ಹೀಗೇಕೆ? ಯಾವುದೇ ಹಲಗೆ ಕೆಳಗೆ ಬಾಗಿದಾಗ ಅದರ ಮೇಲ್ಮೈ ಸ್ವಲ್ಪ ಕುಗ್ಗುತ್ತದೆ, ಕೆಳಮೈ ಸ್ವಲ್ಪ ಹಿಗ್ಗುತ್ತದೆ. ನಿಮ್ಮ ಸಮಾಜ ಪುಸ್ತಕವನ್ನು ಬಾಗಿಸಿ ಅಂಚನ್ನು ನೋಡಿ. ಹಾಳೆಗಳು ಒಂದರ ಮೇಲೊಂದು ಜಾರಿ ಮೆಟ್ಟಿಲಿನ ಹಾಗೆ ಆಗುತ್ತವೆ. ಅಂಟಿಸದ ರಟ್ಟುಗಳೂ ಹೀಗೆ ಜಾರುತ್ತವೆ. ಅಂಟಿಸಿದಾಗ ಜಾರಲು ಆಗುವುದಿಲ್ಲ, ಎರಡೂ ಸೇರಿ ಒಂದೇ ದಪ್ಪ ಹಲಗೆ ಆಗುತ್ತವೆ. ದಪ್ಪ 2 ಪಟ್ಟು ಆದರೆ ಬಾಗದೆ ತಡೆಯುವ ಬಿಗಿ 2 ಪಟ್ಟಲ್ಲ, 2×2×2, ಅಂದರೆ 8 ಪಟ್ಟು. ಗಣಿತದಲ್ಲಿ ಓದಿದ್ದೇವಲ್ಲ, ಘನ, ಅದೇ. 16ನ್ನು 8ರಿಂದ ಭಾಗಿಸಿದರೆ 2. (ಆದ್ದರಿಂದ 3 ಅಲ್ಲ.)

ನಮ್ಮೂರಿನ ಮರಗೆಲಸದ ಆಚಾರಿ ತಾತನಿಗೆ ಇದನ್ನು ತೋರಿಸಿದೆ. 'ಇದಕ್ಕೆ ರಟ್ಟು ಯಾಕೆ ಹಾಳು ಮಾಡಿದೆ ಮಗಾ, ತಲೆ ಎತ್ತಿ ನೋಡು' ಅಂದರು. ಅವರ ಮನೆಯ ಸೂರಿನ ತೊಲೆಗಳನ್ನು ನೋಡಿದೆ. ಪ್ರತಿಯೊಂದನ್ನೂ ಅಗಲವಾಗಿ ಮಲಗಿಸದೆ ನಿಲ್ಲಿಸಿ ಕೂರಿಸಿದ್ದರು. ಮಲಗಿಸಿದರೆ ಅದೇ ತೊಲೆ ಹೆಂಚಿನ ಭಾರಕ್ಕೆ ಜಗ್ಗುತ್ತದಂತೆ. ನಿಮ್ಮ ಪ್ಲಾಸ್ಟಿಕ್ ಸ್ಕೇಲನ್ನೇ ತಗೊಳ್ಳಿ, ಮಲಗಿಸಿ ಬಾಗಿಸಿದರೆ ಬಾಗುತ್ತದೆ, ನಿಲ್ಲಿಸಿ ಬಾಗಿಸಲು ಸಾಧ್ಯವೇ ಇಲ್ಲ.

ಈಗ ಫೋನಿಗೆ ಬರೋಣ. 8 ಮಿ.ಮೀ. ದಪ್ಪದ ಹಲಗೆಯನ್ನು 7 ಮಿ.ಮೀ. ಮಾಡಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಲೆಕ್ಕ ಮಾಡಿ. 8ರ ಘನ 512. 7ರ ಘನ 343. ಬಿಗಿಯಲ್ಲಿ ಸುಮಾರು ಮೂರನೇ ಒಂದು ಪಾಲು ಹೋಗಿಯೇಬಿಟ್ಟಿತು! ಅದೇ ರೀತಿ ಉದ್ದದ್ದೂ ಘನ, ಆದರೆ ಉಲ್ಟಾ. ಉದ್ದ ಹೆಚ್ಚಾದಷ್ಟೂ ಬಾಗುವುದು ಸುಲಭ. ಐಫೋನ್ 5ಎಸ್ ಎಂಬ ಹಳೆಯದು 123.8 ಮಿ.ಮೀ. ಉದ್ದ ಇತ್ತು, 6 ಪ್ಲಸ್ 158.1 ಮಿ.ಮೀ. ಉಳಿದದ್ದೆಲ್ಲ ಒಂದೇ ಅಂತ ಇಟ್ಟುಕೊಂಡು ಉದ್ದವನ್ನು ಮಾತ್ರ ಲೆಕ್ಕ ಹಿಡಿದರೂ ಬಾಗುವುದು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಸಣ್ಣ ಕಡ್ಡಿ ಮುರಿಯುವುದು ಕಷ್ಟ, ಉದ್ದ ಕಡ್ಡಿ ಸುಲಭ ಅಂತ ಸೌದೆ ಮುರಿಯುವ ಯಾರಿಗಾದರೂ ಗೊತ್ತು.

ಇದು ಪೂರ್ತಿ ಗಟ್ಟಿ ಹಲಗೆಯ ಲೆಕ್ಕ. ಫೋನು ನಿಜವಾಗಿ ಒಂದು ಡಬ್ಬ. ಒಳಗೆ ಬ್ಯಾಟರಿ ಕೂರಲು ಲೋಹವನ್ನು ಕೊರೆದು ತೆಗೆದಿರುತ್ತಾರೆ. ಭಾರ ತಡೆಯುವುದು ಮುಖ್ಯವಾಗಿ ಸುತ್ತಲಿನ ಅಂಚು. ಆ ಅಂಚಿನಲ್ಲೇ ಗುಂಡಿಗಳಿಗೆ ತೂತು ಬೇಕು! ನಾವು ಒಂದು ರಟ್ಟಿನ ಪಟ್ಟಿಯ ಅಂಚಿನಲ್ಲಿ, ನಡುವಿನಿಂದ ಸ್ವಲ್ಪ ಆಚೆಗೆ, ಕತ್ತರಿಯಿಂದ ಎರಡು ಕಿಂಡಿ ಮಾಡಿ ಎರಡು ತುದಿ ಹಿಡಿದು ಬಾಗಿಸಿದೆವು. ನಡುವಿನಲ್ಲಿ ಮಡಚಲಿಲ್ಲ, ಕಿಂಡಿ ಇದ್ದ ಕಡೆಯೇ ಮಡಚಿತು. 6 ಪ್ಲಸ್ ಫೋನುಗಳೂ ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿಗಳ ಹತ್ತಿರವೇ ಬಾಗಿದ್ದವು. ಮನೆಗೆ ಓಡಿಹೋಗಿ ಅಕ್ಕನ ಫೋನು ನೋಡಿದೆ. (ಅದು ಬೇರೆ ಕಂಪನಿಯದು.) ಸರಿಯಾಗಿ ಗುಂಡಿಯ ಕಿಂಡಿಯಿಂದಲೇ ಗೆರೆ ಶುರುವಾಗಿತ್ತು. ಮೂರು ತಿಂಗಳಿಂದ ಅದನ್ನು ದಿನಾ ನೋಡಿದ್ದೆ, ಆದರೆ ಕಂಡಿರಲಿಲ್ಲ.

ಇನ್ನು, ಬಾಗಿದ ಫೋನು ಮತ್ತೆ ಯಾಕೆ ನೆಟ್ಟಗಾಗಲಿಲ್ಲ? ಹಳೇ ಕೊಡೆಯ ಕಡ್ಡಿ ಒಂದು, ಮನೆ ವೈರಿಂಗ್ ಮಾಡಿದಾಗ ಉಳಿದ ಅಲ್ಯೂಮಿನಿಯಂ ತಂತಿ ಒಂದು ತಗೊಳ್ಳಿ. (ಗೋಡೆಯಲ್ಲಿರುವ ವೈರು ಮುಟ್ಟಬೇಡಿ, ಉಳಿದ ತುಂಡು ಮಾತ್ರ.) ಎರಡನ್ನೂ ಸ್ವಲ್ಪ ಬಾಗಿಸಿ ಬಿಡಿ. ಕೊಡೆ ಕಡ್ಡಿ ಟಣ್ ಅಂತ ಮೊದಲಿನ ಹಾಗೆ ಆಗುತ್ತದೆ. ತಂತಿ ಬಾಗಿದ ಹಾಗೇ ಉಳಿಯುತ್ತದೆ. ಪ್ರತಿ ಲೋಹಕ್ಕೂ ಒಂದು ಗಡಿ ಇದೆ. ಗಡಿಯೊಳಗೆ ಬಾಗಿಸಿದರೆ ಹಿಂದಕ್ಕೆ ಬರುತ್ತದೆ, ಇದನ್ನೇ ಸ್ಥಿತಿಸ್ಥಾಪಕತೆ ಅನ್ನುತ್ತಾರೆ. ಗಡಿ ದಾಟಿದರೆ ಬರುವುದಿಲ್ಲ. ಮೆತ್ತನೆಯ ಅಲ್ಯೂಮಿನಿಯಂಗೆ ಈ ಗಡಿ ಬಹಳ ಹತ್ತಿರ. ಬೇರೆ ಲೋಹ ಬೆರೆಸಿದರೆ ಗಡಿ ದೂರ ಹೋಗುತ್ತದೆ. 2015ರಲ್ಲಿ ಬಂದ ಐಫೋನ್ 6ಎಸ್‌ಗೆ ಆಪಲ್ 7000 ಸರಣಿಯ ಅಲ್ಯೂಮಿನಿಯಂ ಮಿಶ್ರಲೋಹ ಬಳಸಿತು. ಅದರಲ್ಲಿ ಸತು ಬೆರೆತಿರುತ್ತದೆ, ವಿಮಾನಕ್ಕೂ ಇಂಥದನ್ನು ಬಳಸುತ್ತಾರೆ. ಬಾಗಿಲ್ಲ ಅಂತ ಹೇಳಿದವರು ಮರುವರ್ಷವೇ ಲೋಹ ಬದಲಾಯಿಸಿದ್ದು ಯಾಕೆ ಅಂತ ನಾನು ಮೇಷ್ಟ್ರಿಗೆ ಕೇಳಿದೆ. 'ಬರ್ಕೋ, ಮುಂದಕ್ಕೆ ಹೇಳ್ತೀನಿ' ಅಂದರು.

ಮುಂದಿನದು ಹೀಗಿದೆ. 2016ರಲ್ಲಿ 6 ಪ್ಲಸ್ ಫೋನುಗಳಿಗೆ ಇನ್ನೊಂದು ಕಾಯಿಲೆ ಕಾಣಿಸಿತು. ಪರದೆಯ ಮೇಲ್ತುದಿಯಲ್ಲಿ ಬೂದು ಬಣ್ಣದ ಪಟ್ಟಿ ಮಿಣುಕುವುದು, ಬೆರಳಿಟ್ಟರೆ ಪರದೆ ಕೇಳದಿರುವುದು. ರಿಪೇರಿ ಮಾಡುವವರು ಬಿಚ್ಚಿ ನೋಡಿದರೆ, ಬೆರಳಿನ ಸ್ಪರ್ಶ ತಿಳಿಯುವ ಚಿಪ್ಪುಗಳನ್ನು ಹಿಡಿದಿರುವ ಸಾಸಿವೆಗಿಂತ ಸಣ್ಣ ಬೆಸುಗೆಯ ಗುಂಡುಗಳು ಬಿರುಕು ಬಿಟ್ಟಿದ್ದವು. ಹೊರಗೆ ಸೊಟ್ಟ ಕಾಣದಿದ್ದರೂ ದಿನಾ ಸ್ವಲ್ಪ ಸ್ವಲ್ಪ ಬಾಗಿ ಬಾಗಿ ಹೀಗಾಗುತ್ತದೆ ಎಂದರು. ಕಂಪನಿ ಆ ವರ್ಷ ನವೆಂಬರಿನಲ್ಲಿ, ಗಟ್ಟಿ ನೆಲಕ್ಕೆ ಹಲವು ಸಲ ಬೀಳಿಸಿ ಆಮೇಲೆ ಇನ್ನಷ್ಟು ಒತ್ತಡ ಬಿದ್ದರೆ ಹೀಗಾಗಬಹುದು ಎಂದು ಹೇಳಿ, 149 ಡಾಲರ್ ತೆಗೆದುಕೊಂಡು ರಿಪೇರಿ ಮಾಡಿಕೊಡುತ್ತೇವೆ ಎಂದಿತು. ಅಂದರೆ ಬೀಳಿಸಿದವನದೇ ತಪ್ಪು ಅಂತ! ಓದಿ ಹೇಳುವಾಗ ನನಗೆ ನಮ್ಮಪ್ಪನ ಮಾತು ಕೇಳಿದ ಹಾಗೇ ಆಯಿತು.

ಜನ ಕ್ಯಾಲಿಫೋರ್ನಿಯಾದ ನ್ಯಾಯಾಲಯಕ್ಕೆ ಹೋದರು. 2018ರ ಮೇ ತಿಂಗಳಲ್ಲಿ ಅಲ್ಲಿನ ಕಾಗದಪತ್ರದಿಂದ ಒಂದು ವಿಷಯ ಹೊರಬಿತ್ತು. ಮಾರಾಟಕ್ಕೆ ಬಿಡುವ ಮೊದಲೇ ಕಂಪನಿ ಒಳಗೊಳಗೆ ಪರೀಕ್ಷೆ ಮಾಡಿತ್ತು. ಐಫೋನ್ 5ಎಸ್‌ಗಿಂತ ಐಫೋನ್ 6 ಬಾಗುವ ಸಂಭವ 3.3 ಪಟ್ಟು, 6 ಪ್ಲಸ್ ಬಾಗುವ ಸಂಭವ 7.2 ಪಟ್ಟು ಹೆಚ್ಚು ಎಂದು ಅದಕ್ಕೆ ಗೊತ್ತಿತ್ತು. 2016ರ ಮೇ ತಿಂಗಳಿಂದ ಆ ಚಿಪ್ಪುಗಳ ಕೆಳಗೆ ಗಟ್ಟಿ ಅಂಟು ತುಂಬಿಸಲೂ ಶುರು ಮಾಡಿತ್ತು. ನಮ್ಮ ರಟ್ಟಿಗೆ ಫೆವಿಕಾಲ್ ಹಾಕಿದ ಹಾಗೆ ಅಲ್ಲದಿದ್ದರೂ ಅಂಟು ಅಂಟೇ. ಗೊತ್ತಿದ್ದ ಮೇಲೆ ಮೊದಲೇ ಹೇಳಬಹುದಿತ್ತು. 'ಇದು ಬಾಗುತ್ತೆ, ಹಿಂದಿನ ಜೇಬಲ್ಲಿ ಇಡಬೇಡಿ' ಅಂತ ಡಬ್ಬದ ಮೇಲೆ ಒಂದು ಸಾಲು ಬರೆಯೋದಕ್ಕೆ ಎಷ್ಟು ಖರ್ಚಾಗುತ್ತಿತ್ತು? ಬೀಡಿ ಕಟ್ಟಿನ ಮೇಲೂ ಬರೆದಿರುತ್ತಾರೆ.

ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಮುದ್ದೆ ಮುರೀತಾ, 'ಹಾಗಾದ್ರೆ ಟ್ರೇಲರ್ ಮೇಲೆ ಕಂಪನಿಯೋರು ಬಂದು ಕೂತಿದ್ರಾ?' ಅಂದರು. ಅಮ್ಮ ನಕ್ಕುಬಿಟ್ಟಳು. ನನಗೆ ಸಿಟ್ಟು ಬಂತು. ಆದರೆ ಪ್ರಶ್ನೆ ಸರಿಯಾಗೇ ಇತ್ತು. ನನ್ನ ಪಾಲು ಎಷ್ಟು ಅಂತಲೂ ಅಳೀಬೇಕಲ್ಲ.

ಶಾಲೆಗೆ ಆರೋಗ್ಯ ತಪಾಸಣೆಗೆ ತಂದಿದ್ದ ಮುಳ್ಳಿನ ತೂಕದ ಯಂತ್ರದ ಮೇಲೆ ಸುಮ್ಮನೆ ಕೂತರೆ ನಾನು 34 ಕೆ.ಜಿ. ಧೊಪ್ಪನೆ ಕೂತರೆ ಮುಳ್ಳು ಒಂದು ಕ್ಷಣ 60 ದಾಟಿ ಹಿಂದೆ ಬರುತ್ತದೆ. ಐದು ಸಲ ಕೂತು ನೋಡಿದೆ, ಆಮೇಲೆ ನರ್ಸಮ್ಮ ಎಬ್ಬಿಸಿದರು. ಜಾತ್ರೆಯ ದಾರಿ ಎಂಥದು ಅಂತ ನಿಮಗೆ ಗೊತ್ತೇ ಇದೆ, ಕೆರೆ ಏರಿ ದಾಟಿದ ಮೇಲೆ ಬರೀ ಹಳ್ಳ. ಒಂದೊಂದು ಹಳ್ಳಕ್ಕೂ ಎದ್ದು ಧೊಪ್ಪನೆ ಕೂರುತ್ತಿದ್ದೆ. ಮೆತ್ತನೆ ಹಾಸಿಗೆಯಾದರೆ ಭಾರ ಫೋನಿನ ತುಂಬ ಹರಡುತ್ತಿತ್ತು. ಟ್ರೇಲರಿನ ಅಂಚು ಕೆಳಗಿನಿಂದ ಫೋನಿನ ನಡುವಿಗೆ ಒತ್ತಿತು, ನನ್ನ ಮೈ ಮೇಲಿನಿಂದ ಎರಡು ತುದಿಗೆ ಒತ್ತಿತು. ಇಟ್ಟಿಗೆ, ರಟ್ಟು, ಲೋಟದ ಪ್ರಯೋಗವನ್ನು ತಲೆಕೆಳಗು ಮಾಡಿದರೆ ಇದೇ. ಆದ್ದರಿಂದ ನಾನು 'ಸುಮ್ಮನೆ ಜೇಬಲ್ಲಿಟ್ಟಿದ್ದೆ' ಅಂದದ್ದು ಪೂರ್ತಿ ನಿಜವಲ್ಲ. ಅಪ್ಪ 'ಜೇಬಲ್ಲಿ ಲೋಹ ಬಾಗಲ್ಲ' ಅಂದದ್ದೂ ನಿಜವಲ್ಲ.

ಅಕ್ಕನ ಹತ್ತಿರ ಒಂದು ವರ್ಷ ಯಾಕೆ ಬಾಗಲಿಲ್ಲ ಅಂತಲೂ ಯೋಚಿಸಿದೆ. ಅವಳು ಜೋಪಾನ ನಿಜ. ಜೊತೆಗೆ ಅವಳ ಚೂಡಿದಾರಕ್ಕೆ ಜೇಬೇ ಇಲ್ಲ! ಫೋನು ಯಾವಾಗಲೂ ಚೀಲದಲ್ಲಿ ಪುಸ್ತಕಗಳ ನಡುವೆ ಇರುತ್ತಿತ್ತು. ಇದನ್ನು ಹೇಳಿದಾಗ ಅಕ್ಕ, 'ಹೌದಲ್ವೇನೋ' ಅಂದಳು. ಫೋನಿನ ವಿಷಯಕ್ಕೆ ಅವಳು ನನ್ನ ಹತ್ತಿರ ಆಡಿದ ಮೊದಲನೇ ಮಾತು ಅದು.

ಒಂದು ಮುಖ್ಯ ವಿಷಯ ಬಿಟ್ಟಿದ್ದೆ. ಫೋನು ಬಾಗಿದರೆ ನೆಟ್ಟಗೆ ಮಾಡಲು ಹೋಗಬೇಡಿ. ನಮ್ಮ ಚಿಕ್ಕಪ್ಪ ಮಂಡಿ ಮೇಲಿಟ್ಟು ಒತ್ತಲು ಹೋಗಿದ್ದರು, ಅಕ್ಕ ಕಿತ್ತುಕೊಂಡಳು. ಒಳಗಿನ ಲಿಥಿಯಂ ಬ್ಯಾಟರಿಯಲ್ಲಿ ಎರಡು ಬಗೆಯ ತೆಳು ಪದರಗಳ ನಡುವೆ ಅವು ಒಂದಕ್ಕೊಂದು ತಾಗದ ಹಾಗೆ ಇನ್ನೊಂದು ತೆಳು ಹಾಳೆ ಇರುತ್ತದೆ. ಮಡಚಿ ಅದು ಹರಿದರೆ ಪದರಗಳು ತಾಗಿ ಕಾದು ಬೆಂಕಿ ಹತ್ತಬಹುದು. ಲೋಹಕ್ಕೂ ಒಳ್ಳೆಯದಲ್ಲ. ಬೇಲಿ ಕಟ್ಟುವ ತಂತಿಯನ್ನು ಅತ್ತ ಇತ್ತ ನಾಲ್ಕು ಸಲ ಬಾಗಿಸಿ ಮುರಿಯುವುದಿಲ್ಲವೇ, ಹಾಗೆ. ಬಾಗಿದ ಫೋನು ಉಬ್ಬಿದ್ದರೆ ಅಥವಾ ಬಿಸಿಯಾಗುತ್ತಿದ್ದರೆ ಚಾರ್ಜಿಗೆ ಹಾಕದೆ ಅಂಗಡಿಗೆ ಒಯ್ಯಬೇಕು. ಅಕ್ಕನ ಫೋನಿನ ಬ್ಯಾಟರಿ ಸರಿಯಿದೆ ಅಂತ ಪೇಟೆಯ ಅಂಗಡಿಯವರು ಬಿಚ್ಚಿ ನೋಡಿ ಹೇಳಿದ್ದಾರೆ.

ಈಗ ಮತ್ತೆ ತೆಳು ಫೋನುಗಳು ಬಂದಿವೆ. 2025ರ ಸೆಪ್ಟೆಂಬರಿನಲ್ಲಿ ಬಂದ ಐಫೋನ್ ಏರ್ ಎಂಬುದರ ದಪ್ಪ 5.6 ಮಿ.ಮೀ. ಅಷ್ಟೇ. ಅಂಚಿಗೆ ಈ ಸಲ ಅಲ್ಯೂಮಿನಿಯಂ ಬದಲು ಟೈಟಾನಿಯಂ ಹಾಕಿದ್ದಾರೆ. ಟೈಟಾನಿಯಂ ಅಲ್ಯೂಮಿನಿಯಂಗಿಂತ ಸುಮಾರು ಒಂದೂವರೆ ಪಟ್ಟು ಬಿಗಿ, ಮತ್ತು ನಾನು ಹೇಳಿದ ಆ ಗಡಿ ಅದಕ್ಕೆ ಬಹಳ ದೂರ. ಕೊಡೆ ಕಡ್ಡಿಯ ಜಾತಿ ಅನ್ನಿ. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲೂ ಐಫೋನ್ ಜೋಡಿಸುವ ಕಾರ್ಖಾನೆ ಇದೆ. ನಮ್ಮ ಶಾಲೆಯ ಪ್ರವಾಸವನ್ನು ಒಂದು ಸಲ ಅಲ್ಲಿಗೆ ಇಡಬೇಕು ಎಂದು ಮುಖ್ಯೋಪಾಧ್ಯಾಯರಲ್ಲಿ ಈ ಮೂಲಕ ಕೇಳಿಕೊಳ್ಳುತ್ತೇನೆ.

ಅಕ್ಕ ಅದೇ ಸೊಟ್ಟ ಫೋನನ್ನು ಬಳಸುತ್ತಿದ್ದಾಳೆ. ಪರದೆಯ ಮೇಲಿನ ಒಂದು ಸಾಲು ಬೆರಳಿಟ್ಟರೆ ಕೇಳುವುದಿಲ್ಲ, ಫೋನನ್ನು ಅಡ್ಡ ತಿರುಗಿಸಿ ಒತ್ತುತ್ತಾಳೆ. ಹೋದ ಭಾನುವಾರ ತೆಂಗಿನಕಾಯಿ ಮಾರಿದ ದಿನ ಅಪ್ಪ ಅವಳಿಗೆ ಎರಡು ಸಾವಿರ ಕೊಟ್ಟು, 'ಇದು ಹೊಸದಕ್ಕೆ ಇಟ್ಕೋ' ಅಂದರು. ನನ್ನ ಕಡೆ ನೋಡಿ, 'ತಗೊಳ್ಳೋವಾಗ ಇವನನ್ನೂ ಕರ್ಕೊಂಡು ಹೋಗು, ದಪ್ಪ ಅಳೀತಾನೆ' ಅಂದರು. ಬೈದದ್ದೋ ಹೊಗಳಿದ್ದೋ ಗೊತ್ತಾಗಲಿಲ್ಲ.

ರಟ್ಟಿನ ಪಟ್ಟಿಗಳು, ಕೊಡೆ ಕಡ್ಡಿ ಮತ್ತು ತಂತಿಯನ್ನು ತರಗತಿಯ ವಿಜ್ಞಾನ ಮೂಲೆಯಲ್ಲಿ ಇಟ್ಟಿದ್ದೇನೆ. ನೋಡಬೇಕಾದವರು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬನ್ನಿ. ಅಂಟಿಸಿದ ಪಟ್ಟಿಯನ್ನು ಅಳೆದು 2 ಮಿ.ಮೀ.ಯೋ 3 ಮಿ.ಮೀ.ಯೋ ಎಂದು ಪಕ್ಕದ ಹಾಳೆಯಲ್ಲಿ ಬರೆಯಿರಿ. ಸ್ಕೇಲನ್ನು ನೆಟ್ಟಗೆ ಹಿಡಿಯಿರಿ.

– 7ನೇ ತರಗತಿ ವಿದ್ಯಾರ್ಥಿ